ಫ್ಯೂಸಿನೊಳಗಿನ ಉಸುಕು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಂಘಟಕರು ನನಗೆ ಕೊಟ್ಟ ವಿಷಯ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಅವಕಾಶಗಳು’. ಅದನ್ನು ನನಗಿಂತ ಚೆನ್ನಾಗಿ ನಿಮ್ಮ ಮೊಬೈಲೇ ಹೇಳುತ್ತದೆ. ನಾನು ಬೇರೆ ಒಂದು ವಿಷಯ ತಂದಿದ್ದೇನೆ, ಕ್ಷಮಿಸಬೇಕು. ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ವಿಜ್ಞಾನದ ಸರ್ ನನಗೊಂದು ಹೋಮ್‌ವರ್ಕ್ ಕೊಟ್ಟಿದ್ದರು. ಇಪ್ಪತ್ತು ವರ್ಷ ತಡವಾಗಿ ಅದನ್ನು ಇವತ್ತು ತೋರಿಸುತ್ತಿದ್ದೇನೆ. ಸರ್ ಇಲ್ಲೇ ಕೂತಿದ್ದಾರೆ. ತಪ್ಪಿದ್ದರೆ ಎಲ್ಲರ ಮುಂದೆಯೇ ಕಿವಿ ಹಿಂಡಲಿ.

2004ರ ಶ್ರಾವಣ. ನಾಗರ ಪಂಚಮಿಗೆ ಮೂರು ದಿನ ಉಳಿದಿತ್ತು. ನಿಮಗೆ ಹೇಳಬೇಕಿಲ್ಲ, ಪಂಚಮಿ ಎಂದರೆ ಉಂಡಿ, ಉಂಡಿ ಎಂದರೆ ಗಿರಣಿಯ ಮುಂದೆ ಡಬ್ಬಿಗಳ ಸಾಲು. ನಮ್ಮದು ಹಿಟ್ಟಿನ ಗಿರಣಿ, ಪಕ್ಕದಲ್ಲೇ ಖಾರ ಕುಟ್ಟುವ ಯಂತ್ರ. ಎರಡಕ್ಕೂ ಬೇರೆ ಬೇರೆ ಮೋಟರು, ಮೇನ್ ಸ್ವಿಚ್ಚು ಮಾತ್ರ ಒಂದೇ. ಹೊರಗೆ ಖಾನಾಪುರದ ಮಳೆ, ಒಂದು ವಾರದಿಂದ ಬಿಟ್ಟಿರಲಿಲ್ಲ. ಮಧ್ಯಾಹ್ನ ಮೂರರ ಸುಮಾರಿಗೆ ಬಲ್ಬು ಒಮ್ಮೆ ಮಿಣುಕಿತು, ಗಿರಣಿ ನಿಂತಿತು. ಸದ್ದಿಲ್ಲ, ಹೊಗೆ ಇಲ್ಲ, ವಾಸನೆಯೂ ಇಲ್ಲ. ಮೇನ್ ಸ್ವಿಚ್ಚಿನ ಪೆಟ್ಟಿಗೆ ತೆಗೆದು ನೋಡಿದರೆ ಮೂರು ಫ್ಯೂಸುಗಳಲ್ಲಿ ಎರಡರ ಕೆಂಪು ಗುಂಡಿ ಹೊರಗೆ ಬಂದಿತ್ತು.

ಅವು ಮನೆಯಲ್ಲಿ ನಾವು ತಂತಿ ಸುತ್ತುವಂಥ ಫ್ಯೂಸುಗಳಲ್ಲ. ಎಚ್‌ಆರ್‌ಸಿ ಫ್ಯೂಸು ಎನ್ನುತ್ತಾರೆ. ಬಿಳಿ ಪಿಂಗಾಣಿಯ ಮೈ, ಎರಡು ತುದಿಗೆ ಚಾಕುವಿನಂಥ ಅಲಗು. ಮೈಮೇಲೆ 50 ಆಂಪಿಯರ್, 80 ಕಿಲೋ ಆಂಪಿಯರ್ ಎಂದು ಎರಡು ಅಂಕಿ. ಐವತ್ತು ಎಂದರೆ ಅದು ದಿನವೂ ಹೊರಬಹುದಾದ ಕರೆಂಟು. ಎಂಬತ್ತು ಸಾವಿರ ಎಂದರೆ, ಶಾರ್ಟ್ ಆದಾಗ ಅಷ್ಟು ದೊಡ್ಡ ಕರೆಂಟು ನುಗ್ಗಿದರೂ ಒಡೆಯದೆ ಅದನ್ನು ನಿಲ್ಲಿಸಬಲ್ಲೆ ಎಂಬ ಮಾತು. ಆ ಎರಡನೆಯ ಅಂಕಿಯನ್ನು ನಾವು ಯಾರೂ ಓದುವುದಿಲ್ಲ. ಇವತ್ತಿನ ನನ್ನ ಮಾತೆಲ್ಲ ಅದರ ಬಗ್ಗೆಯೇ.

ಹೊಸ ಫ್ಯೂಸು ಬೇಕೆಂದರೆ ಬೆಳಗಾವಿಗೆ ಹೋಗಬೇಕು, ಸುಮಾರು 26 ಕಿಲೋಮೀಟರ್. ಆ ಮಳೆಯಲ್ಲಿ, ಸಂಜೆಯ ಹೊತ್ತು. ಸಾಲಿನಲ್ಲಿ ಇಪ್ಪತ್ತು ಡಬ್ಬಿ. ಇಂಥ ಫ್ಯೂಸಿನ ತುದಿಯ ಸ್ಕ್ರೂ ಬಿಚ್ಚಿ, ಒಳಗೆ ತಾಮ್ರದ ತಂತಿ ಕಟ್ಟಿ, ಉಸುಕು ತುಂಬಿ ಮತ್ತೆ ಮುಚ್ಚುವುದನ್ನು ಅಪ್ಪ ಎಲ್ಲೋ ನೋಡಿದ್ದರು. ಬಿಚ್ಚುವಾಗ ಒಳಗಿದ್ದ ಉಸುಕೆಲ್ಲ ನೆಲದ ಹಿಟ್ಟಿಗೆ ಬೆರೆತುಹೋಯಿತು. ಅಪ್ಪ ನನ್ನನ್ನು ಕರೆದು ಹೇಳಿದರು:

“ಸಣ್ಣ ಉಸುಕು ತಗೊಂಡ ಬಾ. ಹಂಚಿನ ಮ್ಯಾಲೆ ಚಲೋ ಹುರದು ತಾ.”

ಹೂಂ ಅಂದೆ. ಮಲಪ್ರಭೆ ತುಂಬಿ ಹರಿಯುತ್ತಿತ್ತು, ಹೊಳೆಯ ದಂಡೆಗೆ ಹೋಗುವಂತಿರಲಿಲ್ಲ. ಕಟ್ಟುತ್ತಿದ್ದ ಒಂದು ಮನೆಯ ಮುಂದಿನ ಗುಡ್ಡೆಯಿಂದ ಎರಡು ಹಿಡಿ ತಂದೆ. ಅದೂ ಮಲಪ್ರಭೆಯ ಉಸುಕೇ. ಅವ್ವನ ಚಹಾ ಸೋಸುವ ಜಾಲರಿಯಲ್ಲಿ ಸೋಸಿದೆ. ಹುರಿಯಲಿಲ್ಲ. ಗೆಳೆಯರು ಹುಣಸೆಮರಕ್ಕೆ ಪಂಚಮಿಯ ಜೋಕಾಲಿ ಕಟ್ಟುತ್ತಿದ್ದರು, ನನಗೆ ಅಲ್ಲಿಗೆ ಓಡುವ ಅವಸರ. ತಾಟಿಗೆ ಹಾಕಿ ಒಲೆಯ ಪಕ್ಕ ಐದು ನಿಮಿಷ ಇಟ್ಟೆ. ಕೈಗೆ ಅಂಟುವುದು ನಿಂತಿತು, ತಣ್ಣಗಾದ ಮೇಲೆ ಒಯ್ದು ಕೊಟ್ಟೆ.

“ಹುರದಿಯೇನು?”

“ಹುರದೇನ್ರಿ.”

ಮರುದಿನ ಬೆಳಿಗ್ಗೆ ಆರಕ್ಕೆ ಅಪ್ಪ ಮೇನ್ ಸ್ವಿಚ್ಚು ಹಾಕಿದರು. ಪೆಟ್ಟಿಗೆಯ ಬಾಗಿಲಿನ ಚಿಲಕ ಮುರಿದು ಬಹಳ ದಿನವಾಗಿತ್ತು. ಪಟಾಕಿಯಂತಲ್ಲ, ಅದಕ್ಕಿಂತ ಗಟ್ಟಿಯಾದ, ಚಿಕ್ಕದಾದ ಒಂದು ಸದ್ದು. ಪಿಂಗಾಣಿಯ ಚೂರು, ಬಿಸಿ ಉಸುಕು, ಬೆಂಕಿ ಎಲ್ಲ ಅಪ್ಪನ ಮುಖಕ್ಕೆ ಬಡಿದವು. ಕೈ ಮತ್ತು ಕೆನ್ನೆಯ ಸುಟ್ಟಗಾಯ ಎರಡು ತಿಂಗಳಲ್ಲಿ ಮಾಯ್ದವು. ಬಲಗಣ್ಣಿನಲ್ಲಿ ಈಗ ಬೆಳಕು ನೆರಳು ಮಾತ್ರ ಕಾಣುತ್ತದೆ.

ತಪ್ಪು ಎಲ್ಲಿತ್ತು ಎಂದು ಆಮೇಲೆ ಗೊತ್ತಾಯಿತು. ಖಾರದ ಮೋಟರಿಗೆ ಹೋಗುವ ಕೇಬಲ್ಲನ್ನು ಪೈಪಿನ ಬಾಯಿಯ ಹತ್ತಿರ ಇಲಿ ಕಡಿದಿತ್ತು. ಎರಡು ಫೇಸಿನ ತಂತಿಗಳು ಒಂದಕ್ಕೊಂದು ತಾಗಿದ್ದವು. ಹಿಂದಿನ ದಿನ ಫ್ಯೂಸು ಹೋದದ್ದು ಅದರಿಂದಲೇ. ಅದನ್ನು ನಾವು ಯಾರೂ ಹುಡುಕಲೇ ಇಲ್ಲ, ಫ್ಯೂಸು ತುಂಬುವುದರಲ್ಲೇ ಮುಳುಗಿದ್ದೆವು.

ಮತ್ತೆ ಶಾಲೆಗೆ ಬಂದಾಗ ಒಡೆದ ಚೂರುಗಳನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬಂದಿದ್ದೆ. ಸರ್ ಅದನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. “ಯಾಕ ಒಡೀತ್ರಿ ಸರ್?” ಎಂದು ಕೇಳಿದೆ. “ನನಗೂ ಪೂರಾ ಗೊತ್ತಿಲ್ಲೋ ತಮ್ಮಾ. ಮೊದಲನೇದು ಯಾಕ ಒಡೀಲಿಲ್ಲ ಅನ್ನೋದನ್ನ ನೋಡು. ಕಲ್ತು ಬಂದು ನನಗ ಹೇಳು” ಎಂದರು. ಮೇಷ್ಟ್ರೊಬ್ಬರು ತರಗತಿಯ ಮುಂದೆ ನನಗೆ ಗೊತ್ತಿಲ್ಲ ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನೋಡಿ, ಅದೇ ಪೆಟ್ಟಿಗೆ, ಅದೇ ಕೇಬಲ್ಲು, ಅದೇ ಶಾರ್ಟು. ನಮ್ಮ ಗಿರಣಿಯ ಹತ್ತಿರದ ಟಿಸಿ 63 ಕೆವಿಎದ್ದು. ಬಿಇ ಓದುವಾಗ ಲೆಕ್ಕ ಹಾಕಿದೆ, ಆ ಶಾರ್ಟಿನಲ್ಲಿ ಹರಿಯಬಹುದಾಗಿದ್ದ ಕರೆಂಟು ಸುಮಾರು 1500 ಆಂಪಿಯರ್. ಎರಡೂ ದಿನ ಅಷ್ಟೇ. ಮೊದಲ ದಿನ ಕಾರ್ಖಾನೆಯ ಫ್ಯೂಸು ನೂರನೇ ಒಂದು ಸೆಕೆಂಡಿನೊಳಗೆ ಅದನ್ನು ಮುಗಿಸಿತು, ಪಕ್ಕದಲ್ಲಿ ನಿಂತವನಿಗೆ ಸದ್ದೂ ಕೇಳಲಿಲ್ಲ. ಎರಡನೆಯ ದಿನ ನಮ್ಮ ಫ್ಯೂಸು ಬಾಂಬಾಯಿತು.

ನಿಮ್ಮ ಪುಸ್ತಕದಲ್ಲಿ ಬರೆದಿರುತ್ತದೆ: ಹೆಚ್ಚು ಕರೆಂಟು ಹರಿದರೆ ತಂತಿ ಕರಗುತ್ತದೆ, ಮಂಡಲ ತುಂಡಾಗುತ್ತದೆ. ಪರೀಕ್ಷೆಯಲ್ಲಿ ಹಾಗೇ ಬರೆಯಿರಿ, ಅಂಕ ಸಿಗುತ್ತದೆ. ಆದರೆ ತಂತಿ ಕರಗಿದ ಕ್ಷಣ ಕರೆಂಟು ನಿಲ್ಲುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ನೋಡಿದ್ದೀರಿ. ರಾಡನ್ನು ಕಬ್ಬಿಣಕ್ಕೆ ಮುಟ್ಟಿಸಿ ಸ್ವಲ್ಪ ಮೇಲೆತ್ತಿದರೆ ನಡುವೆ ತಂತಿಯಿಲ್ಲ, ಆದರೂ ಕರೆಂಟು ಉರಿಯುತ್ತಾ ಹರಿಯುತ್ತದೆ. ಅದೇ ಆರ್ಕ್, ಪುಸ್ತಕದ ಭಾಷೆಯಲ್ಲಿ ವಿದ್ಯುತ್ ಚಾಪ. ಫ್ಯೂಸಿನ ತಂತಿ ಕರಗಿ ಆವಿಯಾದಾಗಲೂ ಆ ಜಾಗದಲ್ಲಿ ಸಾವಿರಾರು ಡಿಗ್ರಿಯ ಇಂಥ ಆರ್ಕ್ ಹತ್ತಿಕೊಳ್ಳುತ್ತದೆ. ತಂತಿ ಕರಗುವುದು ಫ್ಯೂಸಿನ ಕೆಲಸದ ಶುರು, ಆರ್ಕನ್ನು ಆರಿಸುವುದು ಅದರ ನಿಜವಾದ ಕೆಲಸ.

ಇಲ್ಲಿ ಒಂದು ಫ್ಯೂಸನ್ನು ಗರಗಸದಿಂದ ಉದ್ದಕ್ಕೆ ಸೀಳಿಸಿ ತಂದಿದ್ದೇನೆ. ಇದು ಉರಿಯದ್ದು. ಒಳಗೆ ತಂತಿಯಿಲ್ಲ, ಬೆಳ್ಳಿಯ ಲೇಪ ಕೊಟ್ಟ ತೆಳ್ಳನೆಯ ತಾಮ್ರದ ಪಟ್ಟಿ ಇದೆ. ಪಟ್ಟಿಯಲ್ಲಿ ಅಲ್ಲಲ್ಲಿ ತೂತು ಹೊಡೆದು ಸಣ್ಣ ಮಾಡಿದ್ದಾರೆ. ಒಂದು ಕಡೆ ತವರದ ಚುಕ್ಕೆ ಇದೆ, ಅದು ನಿಧಾನವಾಗಿ ಬರುವ ಓವರ್‌ಲೋಡಿಗಾಗಿ. ತಾಮ್ರ ಕರಗಲು 1085 ಡಿಗ್ರಿ ಬೇಕು, ತವರಕ್ಕೆ 232 ಸಾಕು, ಕರಗಿದ ತವರ ತಾಮ್ರವನ್ನು ತಿಂದುಹಾಕುತ್ತದೆ. ಅದು ಬೇರೆ ಕಥೆ, ಬಿಡಿ. ಶಾರ್ಟ್ ಆದಾಗ ಮುಖ್ಯವಾಗುವುದು ಈ ತೂತುಗಳು. ಸಣ್ಣ ಜಾಗಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಕರಗುತ್ತವೆ. ಒಂದು ಆರ್ಕ್ ಬದಲು ನಾಲ್ಕೈದು ಆರ್ಕ್, ಒಂದರ ಹಿಂದೆ ಒಂದು. ಪ್ರತಿಯೊಂದೂ ಉರಿಯಲು ತನ್ನ ಪಾಲಿನ ವೋಲ್ಟೇಜು ಕೇಳುತ್ತದೆ. ಅವೆಲ್ಲವನ್ನು ಕೂಡಿಸಿದ್ದು ಲೈನಿನ ವೋಲ್ಟೇಜನ್ನು ದಾಟಿದ ಕ್ಷಣದಿಂದ ಕರೆಂಟು ಇಳಿಯಲೇಬೇಕು. ನಮ್ಮ ಕರೆಂಟು ಸೆಕೆಂಡಿಗೆ ನೂರು ಸಲ ತಾನಾಗಿಯೇ ಸೊನ್ನೆಗೆ ಬರುತ್ತದೆ. ಶಾರ್ಟು ದೊಡ್ಡದಿದ್ದರೆ ಒಳ್ಳೆಯ ಫ್ಯೂಸು ಅದಕ್ಕೂ ಕಾಯುವುದಿಲ್ಲ, ಏರುತ್ತಿರುವ ಕರೆಂಟನ್ನು ತುದಿ ಮುಟ್ಟುವ ಮೊದಲೇ ಕೆಳಗೆ ಒತ್ತುತ್ತದೆ.

ಹಾಗೆ ಒತ್ತಲು ಆರ್ಕ್ ತೆಳ್ಳಗಿರಬೇಕು, ತಣ್ಣಗಾಗುತ್ತಿರಬೇಕು. ಅಲ್ಲಿ ಬರುತ್ತದೆ ಉಸುಕಿನ ಪಾತ್ರ.

ಬೆಳ್ಳಿ ಆವಿಯಾದಾಗ ಎಷ್ಟು ಹಿಗ್ಗುತ್ತದೆ ಗೊತ್ತೇ? ಇದ್ದ ಜಾಗಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು. ಇದು ಆಗುವುದು ಒಂದು ಮುಚ್ಚಿದ ಪಿಂಗಾಣಿ ಡಬ್ಬಿಯಲ್ಲಿ, ಕಣ್ಣು ಮಿಟುಕಿಸುವುದರ ಹತ್ತರಲ್ಲಿ ಒಂದು ಪಾಲು ಹೊತ್ತಿನಲ್ಲಿ. ಒಳಗೆ ಬರೀ ಗಾಳಿ ಇದ್ದರೆ ಡಬ್ಬಿ ಒಡೆಯಲೇಬೇಕು. ಆದರೆ ಪಟ್ಟಿಯ ಸುತ್ತ ಒತ್ತೊತ್ತಾಗಿ ಕೂತ ಉಸುಕಿದೆ. ಎಷ್ಟೇ ಒತ್ತಿ ತುಂಬಿದರೂ ಕಾಳುಗಳ ನಡುವೆ ಮೂರನೇ ಒಂದು ಭಾಗದಷ್ಟು ಜಾಗ ಖಾಲಿಯೇ ಇರುತ್ತದೆ. ಬಿಸಿ ಆವಿ ಆ ಸಂದಿಗಳಿಗೆ ನುಗ್ಗುತ್ತದೆ, ತಣ್ಣನೆಯ ಕಾಳಿಗೆ ತಾಗುತ್ತದೆ, ಅಲ್ಲೇ ಮತ್ತೆ ಲೋಹವಾಗಿ ಅಂಟಿಕೊಳ್ಳುತ್ತದೆ. ಒಲೆಯ ಮೇಲಿನ ಪಾತ್ರೆಯ ಆವಿ ಮುಚ್ಚಳಕ್ಕೆ ತಾಗಿ ಹನಿಯಾಗುವ ಹಾಗೆ. ಆರ್ಕಿಗೆ ತೀರ ಹತ್ತಿರದ ಕಾಳುಗಳು ತಾವೇ ಕರಗುತ್ತವೆ. ಬೆಣಚುಕಲ್ಲಿನ ಉಸುಕು ಕರಗಲು 1700 ಡಿಗ್ರಿಯಷ್ಟು ಬೇಕು. ಕರಗಲು ಬೇಕಾದ ಶಾಖವನ್ನು ಅದು ಆರ್ಕಿನಿಂದಲೇ ಕಿತ್ತುಕೊಳ್ಳುತ್ತದೆ.

ಹೀಗೆ ಆರ್ಕಿನ ಕೊಳವೆಯೊಳಗೆ ಹಲವು ವಾತಾವರಣಗಳಷ್ಟು ಒತ್ತಡ ಇರುತ್ತದೆ, ಕೆಲವೇ ಮಿಲಿಮೀಟರ್ ಆಚೆ, ಪಿಂಗಾಣಿ ಗೋಡೆಯ ಹತ್ತಿರ, ಅದರ ಸಣ್ಣ ಪಾಲು ಮಾತ್ರ. ಒತ್ತಡವೇ ಕೆಟ್ಟದ್ದು ಎಂದು ನಾನು ಬಹಳ ದಿನ ತಿಳಿದಿದ್ದೆ. ಅದು ತಪ್ಪು. ಆರ್ಕಿನೊಳಗಿನ ಒತ್ತಡ ಆರ್ಕನ್ನು ಹಿಂಡುತ್ತದೆ, ಅದು ಕೇಳುವ ವೋಲ್ಟೇಜನ್ನು ಏರಿಸುತ್ತದೆ, ಬೇಗ ಆರಿಸುತ್ತದೆ. ಒತ್ತಡ ಪಟ್ಟಿಯ ಹತ್ತಿರ ಇರಬೇಕು, ಗೋಡೆಯ ಹತ್ತಿರ ಇರಬಾರದು. ಇದನ್ನು ನಿಮ್ಮ ಪರೀಕ್ಷೆಯ ಒತ್ತಡಕ್ಕೆ ಹೋಲಿಸಿ ಒಂದು ಉಪದೇಶ ಕೊಡಬಹುದು ಎಂದು ನಿನ್ನೆ ಗೆಳೆಯನೊಬ್ಬ ಸಲಹೆ ಕೊಟ್ಟ. ಬೇಡ. ಉಸುಕಿನ ಬಗ್ಗೆ ಹೇಳುವಾಗ ಉಸುಕಿನ ಬಗ್ಗೆಯೇ ಹೇಳೋಣ.

ಇದು ಎರಡನೆಯ ಫ್ಯೂಸು, ಶಾರ್ಟಿನಲ್ಲಿ ಉರಿದದ್ದು. ಪಟ್ಟಿ ಇದ್ದ ಜಾಗದಲ್ಲಿ ಬೂದು ಬಣ್ಣದ, ಗಾಜಿನಂಥ ಗಂಟುಗಂಟಾದ ಕಡ್ಡಿ ಕಾಣುತ್ತದೆ. ಕರಗಿದ ಉಸುಕು ಮತ್ತು ಲೋಹ ಸೇರಿ ಆದದ್ದು. ಉಸುಕಿನ ನೆಲಕ್ಕೆ ಸಿಡಿಲು ಹೊಡೆದಾಗ ಮಣ್ಣಿನೊಳಗೆ ಇಂಥದೇ ಗಾಜಿನ ಕೊಳವೆ ಆಗುತ್ತದೆ, ಎರಡಕ್ಕೂ ಒಂದೇ ಹೆಸರು, ಫಲ್ಗುರೈಟ್. ಕಡ್ಡಿಯಿಂದ ಒಂದು ಬೆರಳು ಆಚೆ ನೋಡಿ, ಉಸುಕು ಬೆಳ್ಳಗೆ, ಬಿಡಿಬಿಡಿಯಾಗಿ, ಏನೂ ಆಗದವರಂತೆ ಕೂತಿದೆ.

ಇಷ್ಟನ್ನು ಪುಸ್ತಕದಲ್ಲಿ ಓದಿದ್ದರೂ ನನಗೆ ಒಳಗೆ ಇಳಿದಿರಲಿಲ್ಲ. ಇಳಿಸಿದವರು ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮೋಲ್ಡರ್ ಆಗಿದ್ದ ನನ್ನ ಸೋದರಮಾವ. ಬಿಇ ಮೂರನೆಯ ವರ್ಷದ ರಜೆಯಲ್ಲಿ ಬೆಳಗಾವಿಯ ಅವರ ಮನೆಯಲ್ಲಿದ್ದೆ, ಬುತ್ತಿ ಕೊಡಲು ಹೋಗುತ್ತಿದ್ದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಪಂಪಿನ, ವಾಲ್ವಿನ ಭಾಗಗಳನ್ನು ಉಸುಕಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮಾವ ಉಸುಕನ್ನು ಮುಷ್ಟಿಯಲ್ಲಿ ಹಿಡಿದು ಹಿಂಡುತ್ತಿದ್ದರು, ಬೆರಳಿನ ಗುರುತು ಮೂಡಬೇಕು, ಮುರಿದರೆ ಅಂಚು ಉದುರಬಾರದು. ಅಚ್ಚು ಬಡಿದು ಮುಗಿದ ಮೇಲೆ ತಂತಿಯಿಂದ ಅಲ್ಲಲ್ಲಿ ಚುಚ್ಚಿ ತೂತು ಮಾಡುತ್ತಿದ್ದರು. ಅಷ್ಟು ಕಷ್ಟಪಟ್ಟು ಬಡಿದದ್ದಕ್ಕೆ ತೂತು ಯಾಕೆ ಎಂದು ಕೇಳಿದೆ.

“ಉಸುಕಿಗೆ ಉಸಿರು ಬಿಡಾಕ ಜಾಗಾ ಬೇಕಪಾ. ಇಲ್ಲಂದ್ರ ಕಬ್ಬಿಣ ಹೊಳ್ಳಿ ನಿನ್ನ ಮಾರಿಗೇ ಉಗಳತೈತಿ.”

ಬುತ್ತಿಯ ಗಂಟು ಹಿಡಿದು ಅಲ್ಲೇ ನಿಂತುಬಿಟ್ಟೆ. ಅವರು ಅಪ್ಪನ ವಿಷಯ ನೆನೆದು ಹೇಳಿದ್ದಲ್ಲ, ತಮ್ಮ ಕೆಲಸದ ಮಾತು ಹೇಳಿದ್ದರು. ಕಾದ ಕಬ್ಬಿಣ ಹೊಯ್ದಾಗ ಉಸುಕಿನ ತೇವ ಆವಿಯಾಗುತ್ತದೆ. ಆ ಆವಿ ಕಾಳುಗಳ ಸಂದಿಯಲ್ಲಿ ಹೊರಗೆ ಹೋಗಬೇಕು. ಉಸುಕು ತೀರ ಸಣ್ಣದಾದರೆ, ಮಣ್ಣು ಹೆಚ್ಚಾದರೆ, ನೀರು ಹೆಚ್ಚಾದರೆ ದಾರಿ ಮುಚ್ಚುತ್ತದೆ. ಎರಕದಲ್ಲಿ ಗಾಳಿಗುಳ್ಳೆ ಬೀಳುತ್ತದೆ, ಇಲ್ಲವೇ ಕರಗಿದ ಲೋಹವೇ ಹಿಂದಕ್ಕೆ ಸಿಡಿಯುತ್ತದೆ. ಫ್ಯೂಸು ಮಾಡುವವನ ಚಿಂತೆಯೂ ಇದೇ. ವ್ಯತ್ಯಾಸ ಒಂದೇ, ಅಚ್ಚಿನ ಉಸುಕು ನಿಲ್ಲಲು ಸ್ವಲ್ಪ ಮಣ್ಣು, ಸ್ವಲ್ಪ ನೀರು ಬೇಕು, ಫ್ಯೂಸಿನ ಉಸುಕಿಗೆ ಎರಡೂ ಕೂಡದು. ಅದು ತೊಳೆದು ಒಣಗಿಸಿದ ಶುದ್ಧ ಬೆಣಚುಕಲ್ಲಿನ ಉಸುಕು, ಕಾಳು ಕಾಲು ಮಿಲಿಮೀಟರಿನ ಆಸುಪಾಸು. ತೀರ ನುಣುಪಾದರೆ ಆವಿ ನುಗ್ಗುವುದಿಲ್ಲ, ತೀರ ದಪ್ಪವಾದರೆ ತಣಿಸುವ ಮೈ ಸಾಲದು. ಯಂತ್ರದಲ್ಲಿ ನಡುಗಿಸಿ ನಡುಗಿಸಿ ತುಂಬುತ್ತಾರೆ, ಎಲ್ಲೂ ಪೊಳ್ಳು ಉಳಿಯಬಾರದು.

ಖಾನಾಪುರದವರಿಗೆ ನೀರು ಮತ್ತು ಬೆಂಕಿಯ ಈ ಲೆಕ್ಕ ಹೊಸದಲ್ಲ. ಖಾದಿ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆ ಇರುವ ಊರು ನಮ್ಮದು. ಪೂರ್ತಿ ಒಣಗದ ಗಡಿಗೆಯನ್ನು ಆವಿಗೆಯಲ್ಲಿಟ್ಟರೆ ಏನಾಗುತ್ತದೆ ಎಂದು ಯಾವ ಕುಂಬಾರರನ್ನು ಕೇಳಿದರೂ ಹೇಳುತ್ತಾರೆ. ಅದು ಬಿರುಕು ಬಿಡುವುದಿಲ್ಲ, ಸಿಡಿಯುತ್ತದೆ. ನೀರು ಆವಿಯಾದರೆ ಸುಮಾರು 1700 ಪಟ್ಟು ಹಿಗ್ಗುತ್ತದೆ. ಐದು ಹನಿ ನೀರು ಎಂದರೆ ಎರಡು ಲೋಟ ಆವಿ. ಫ್ಯೂಸಿನ ಹೊಟ್ಟೆಯಲ್ಲಿ ಹಿಡಿಯುವುದು ಕೆಲವೇ ಚಮಚ.

ಮಣ್ಣು ಸುಟ್ಟು ಮಾಡಿದ ಕೊಳವೆ, ಒಳಗೆ ಉಸುಕು. ಒಂದು ಖಾನಾಪುರದ ವಿದ್ಯೆ, ಇನ್ನೊಂದು ಉದ್ಯಮಬಾಗದ ವಿದ್ಯೆ. ಫ್ಯೂಸನ್ನು ಇಲ್ಲಿ ಮಾಡಿದರು ಎಂದು ನಾನು ಹೇಳುತ್ತಿಲ್ಲ. ಕೊಳವೆಯೊಳಗೆ ಪುಡಿ ತುಂಬಿದ ಫ್ಯೂಸಿಗೆ 1890ರಲ್ಲಿ ಪೇಟೆಂಟ್ ಪಡೆದವರು ಇಂಗ್ಲೆಂಡಿನ ಮಾರ್ಡಿ ಎಂಬ ಎಂಜಿನಿಯರು. ಇವತ್ತು ಇಂಥವನ್ನು ಬೇಕೆಂದೇ ಶಾರ್ಟ್ ಮಾಡಿ ಪರೀಕ್ಷಿಸುವ ಪ್ರಯೋಗಾಲಯ ಬೆಂಗಳೂರಿನ ಸಿಪಿಆರ್‌ಐನಲ್ಲಿದೆ, ಆ ಸಂಸ್ಥೆ 1960ರಿಂದ ಇದೆ. ಮೈಮೇಲಿನ 80 ಎಂಬ ಅಂಕಿಯ ಹಿಂದೆ ಅಂಥ ಪರೀಕ್ಷೆಗಳಿವೆ. ನಮ್ಮ ಫ್ಯೂಸಿನ ಮೈಮೇಲೂ 80 ಎಂದೇ ಇತ್ತು, ಒಳಗಿದ್ದದ್ದು ಮಾತ್ರ ಬೇರೆ.

ಈಗ ಸರ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ನಮ್ಮದು ಯಾಕೆ ಒಡೆಯಿತು? ಅಪ್ಪ ಹಾಕಿದ್ದು ಮೋಟರ್ ವೈಂಡಿಂಗಿನ ದಪ್ಪ ತಾಮ್ರದ ತಂತಿ. ಅದರಲ್ಲಿ ತೂತುಗಳಿಲ್ಲ, ಹಾಗಾಗಿ ಅದು ತಡವಾಗಿ ಕರಗಿತು, ಲೆಕ್ಕವಿಟ್ಟು ನಾಲ್ಕೈದು ಕಡೆ ತುಂಡಾಗಲಿಲ್ಲ, ಆವಿಯಾದ ಲೋಹವೂ ಹೆಚ್ಚು. ಉಸುಕನ್ನು ಚಮಚದಿಂದ ತುಂಬಿ ಬೆರಳಿನಿಂದ ತಟ್ಟಿದ್ದೆವು, ಮೇಲ್ಭಾಗ ಪೊಳ್ಳಾಗಿರಲೇಬೇಕು. ಪೊಳ್ಳು ಸಿಕ್ಕಲ್ಲಿ ಆರ್ಕ್ ಅಗಲವಾಗುತ್ತದೆ, ಅಗಲವಾದ ಆರ್ಕ್ ಕಡಿಮೆ ವೋಲ್ಟೇಜಿಗೆ ಉರಿಯುತ್ತದೆ, ಅದರಿಂದ ಕರೆಂಟು ಇಳಿಯುವುದಿಲ್ಲ, ಇಳಿಯದ ಕರೆಂಟು ಇನ್ನಷ್ಟು ಆವಿ ಎಬ್ಬಿಸುತ್ತದೆ. ಹೊಳೆಯ ಉಸುಕಿನಲ್ಲಿ ಮಣ್ಣಿತ್ತು, ದಪ್ಪ ಸಣ್ಣ ಕಾಳು ಕಲಸಿದ್ದವು. ಮತ್ತು ಅದು ಹಸಿ ಇತ್ತು.

ಮೊದಲಿನವು ಅಪ್ಪನಿಗೆ ಗೊತ್ತಿಲ್ಲದ ತಪ್ಪುಗಳು. ಕೊನೆಯದು ನನ್ನದು, ಗೊತ್ತಿದ್ದು ಮಾಡಿದ್ದು. ಹುರಿದು ಕೊಟ್ಟಿದ್ದರೆ ಉಳಿಯುತ್ತಿತ್ತೇ? ಕೊರೋನಾ ಲಾಕ್‌ಡೌನಿನಲ್ಲಿ ಮನೆಯಿಂದ ಕೆಲಸ ಮಾಡುವಾಗ ರಾತ್ರಿ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದೆ. ತಂತಿ, ವೋಲ್ಟೇಜು, ಉಸುಕಿನ ಸಂದಿ, ನೀರು ಎಲ್ಲ ಹಾಕಿ ನೂರಾರು ಸಲ ಓಡಿಸಿದೆ. ನೀರು ಸೊನ್ನೆ ಎಂದು ಕೊಟ್ಟಾಗಲೂ ಹೆಚ್ಚಿನ ಸಲ ಒತ್ತಡ ಪಿಂಗಾಣಿಯ ಮಿತಿಯನ್ನು ದಾಟುತ್ತಿತ್ತು. ಕೆಲವು ಸಲ ದಾಟುತ್ತಿರಲಿಲ್ಲ. ಆ ಕೆಲವು ಸಲದ ಮುಂದೆಯೇ ನಾನು ಹೆಚ್ಚು ಹೊತ್ತು ಕೂತಿದ್ದೆ.

ಊರಿನಲ್ಲಿ ಗಿರಣಿ, ಬೋರ್‌ವೆಲ್ಲು, ಕಟ್ಟಿಗೆ ಮಿಲ್ಲು ನಡೆಸುವವರು ಇಲ್ಲಿದ್ದೀರಿ. ಒಂದು ಮಾತು. ಉರಿದ ಫ್ಯೂಸನ್ನು ಬಿಚ್ಚಬೇಡಿ, ಪೂರ್ತಿ ಬದಲಿಸಿ. ಬದಲಿಸುವ ಮೊದಲು ಶಾರ್ಟು ಎಲ್ಲಿದೆ ಹುಡುಕಿ, ಸದ್ದಿಲ್ಲದೆ ಉರಿದ ಫ್ಯೂಸು ನಿಮಗೆ ಒಂದು ಸಮಾಚಾರ ಕೊಟ್ಟಿದೆ. ಸ್ವಿಚ್ಚು ಹಾಕುವಾಗ ಪೆಟ್ಟಿಗೆಯ ಬಾಗಿಲು ಮುಚ್ಚಿರಲಿ, ನೀವು ಪಕ್ಕಕ್ಕೆ ನಿಂತಿರಿ. ನಮ್ಮ ಬ್ಯಾಚಿನವರು ಸೇರಿ ಶಾಲೆಯ ಕಂಪ್ಯೂಟರ್ ಕೋಣೆಗೆ ಆರು ಹೊಸ ಫ್ಯೂಸು ತಂದಿದ್ದೇವೆ. ಮೇನ್ ಸ್ವಿಚ್ಚಿನ ಪಕ್ಕದಲ್ಲೇ ಒಂದು ಡಬ್ಬಿಯಲ್ಲಿ ಇರುತ್ತವೆ. ಬೀಗ ಹಾಕಬೇಡಿ.

ಅಪ್ಪ ಮೂರನೆಯ ಸಾಲಿನಲ್ಲಿ ಕೂತಿದ್ದಾರೆ. ಇವತ್ತು ಎಲ್ಲರ ಮುಂದೆ ಹೇಳುವ ಮೊದಲು ಅವರಿಗೆ ಹೇಳಬೇಕು ಎಂದು ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ, ಅವತ್ತು ನಾ ಉಸುಕು ಹುರದಿರಲಿಲ್ಲಪ್ಪಾ ಎಂದು. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

“ಗೊತ್ತೈತೋ. ಹುರದ ಉಸುಕು ಬೆಚ್ಚಗಿರತೈತಿ. ನೀ ತಂದದ್ದು ತಣ್ಣಗಿತ್ತು. ಸಾಲಿನ್ಯಾಗ ಮಂದಿ ನಿಂತಿದ್ರು, ಹಾಕಿಬಿಟ್ನಿ.”

ಎರಡೂ ಫ್ಯೂಸುಗಳನ್ನು ಈ ಮೇಜಿನ ಮೇಲೆ ಇಟ್ಟಿರುತ್ತೇನೆ. ಊಟಕ್ಕೆ ಹೋಗುವ ಮೊದಲು ಬಂದು ನೋಡಿ. ಗಾಜಿನ ಕಡ್ಡಿ ಚುಚ್ಚುತ್ತದೆ, ಮಕ್ಕಳು ನಿಧಾನವಾಗಿ ಮುಟ್ಟಿ.